ಮಿನಿ ಟ್ರ್ಯಾಕ್ಟರ್ ಹಿಂದಿನ ರಿಡಕ್ಷನ್: ಸೀಲ್ ಎಷ್ಟು ಬದಲಿಸಿದರೂ ಎಣ್ಣೆ ಸೋರುತ್ತಿದೆ, ಈಗ ಕಟಕಟ ಶಬ್ದ ಬೇರೆ

ಬೆಟ್ಟದಂಚು (ಸಾಗರ)

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗಾಡಿಯ ಬಲಗಡೆ ಹಿಂದಿನ ಚಕ್ರದ ಹತ್ತಿರ, ರಿಡಕ್ಷನ್‌ನಿಂದ (ಚಕ್ರಕ್ಕೆ ವೇಗ ಇಳಿಸಿ ಬಲ ಕೊಡುವ ಗೇರ್ ಪೆಟ್ಟಿಗೆ) ಎಣ್ಣೆ ಸೋರುತ್ತಿದೆ. ಹೊಸ ಆಯಿಲ್ ಸೀಲ್ ಹಾಕಿಸಿದರೆ ಸ್ವಲ್ಪ ದಿನ ಸರಿ ಇರುತ್ತದೆ, ಆಮೇಲೆ ಮತ್ತೆ ರಿಮ್ಮಿನ ಒಳಗೆಲ್ಲ ಕಪ್ಪು ಕೆಸರು. ಮೆಕ್ಯಾನಿಕ್ ಪ್ರತಿ ಸಲವೂ "ಸೀಲ್ ಡುಪ್ಲಿಕೇಟ್ ಬಂದಿದೆ ಸ್ವಾಮಿ" ಎನ್ನುತ್ತಾನೆ. ದುಡ್ಡು ಮಾತ್ರ ಒರಿಜಿನಲ್ಲಿನದೇ. ಈಗ ಏರು ಹತ್ತುವಾಗ ಕಟ್ ಕಟ್ ಅಂತ ಶಬ್ದವೂ ಶುರುವಾಗಿದೆ. ರಿವರ್ಸ್‌ನಲ್ಲಿ ಅಷ್ಟಿಲ್ಲ.

ಅಡಿಕೆ ಕೊನೆ ಕೊಯ್ಲು ಹತ್ತಿರ ಬಂತು. ಬೆಟ್ಟದಿಂದ ದರಕು (ಒಣ ಎಲೆ) ಹೊರುವುದೂ ಬಾಕಿ. ರಿಡಕ್ಷನ್ ಪೂರ್ತಿ ಬಿಚ್ಚಬೇಕಾ, ಸೀಲಿನಲ್ಲೇ ಮುಗಿಯುತ್ತದಾ? ಗೊತ್ತಿದ್ದವರು ಬೇಗ ಹೇಳಿ.

ಗೇರೆಣ್ಣೆ

ಯಾವ ಎಣ್ಣೆ ಹಾಕಿದ್ದೀರಿ? ಮೊದಲು ಅದು ಹೇಳಿ. ಹತ್ತರಲ್ಲಿ ಎಂಟು ಕೇಸು ಎಣ್ಣೆಯದ್ದೇ.

ಗದ್ದೆಬದು (ಶಿರಸಿ)

ಎಣ್ಣೆ ಆಮೇಲೆ. ಯಾವ ಗಾಡಿ ಮಾರಾಯ್ರೆ? ಎಷ್ಟು ಎಚ್‌ಪಿ, ಎಷ್ಟು ಹಳೆಯದು? ಟೂ ವೀಲಾ, ಫೋರ್ ವೀಲಾ? ಬರೀ "ಗಾಡಿ" ಅಂದರೆ ನಮಗೆ ಕನಸು ಬೀಳುತ್ತದಾ? ಫೋಟೋ ಹಾಕಿ.

ಬೆಟ್ಟದಂಚು

18 ಎಚ್‌ಪಿ ಮಿನಿ. ಮೂರು ಸಿಲಿಂಡರ್, ಟೂ ವೀಲ್ ಡ್ರೈವ್. ನಮ್ಮ ಕಡೆ ಎಲ್ಲರ ತೋಟದಲ್ಲೂ ಇರುವಂಥದ್ದೇ. ಕಂಪನಿ ಹೆಸರು ಹಾಕುವುದಿಲ್ಲ. ಹೋದ ಸಲ ಕ್ಲಚ್ ವಿಷಯ ಕೇಳಿದಾಗ ಎಲ್ಲರೂ "ಆ ಕಂಪನಿ ತಗೊಂಡದ್ದೇ ತಪ್ಪು" ಅಂತ ಜಗಳಕ್ಕೆ ಬಿದ್ದರು, ಕ್ಲಚ್ ಹಾಗೇ ಉಳಿಯಿತು. ಸೆಕೆಂಡ್ ಹ್ಯಾಂಡ್ ತಗೊಂಡದ್ದು, ಹಳೆಯದು. ಗೇರ್ ಎಣ್ಣೆ 90 ನಂಬರಿನದ್ದು. ಬ್ರೇಕ್ ಬೇರೆ ಡ್ರಮ್‌ನಲ್ಲಿದೆ, ಎಣ್ಣೆಯೊಳಗಿಲ್ಲ.

ಫೋಟೋ ನಾಳೆ. ಇಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆ ಮಾಡಿನ ಮೇಲೆ ಮಾತ್ರ.

ಗೇರೆಣ್ಣೆ

ನೋಡಿ, ನಾನು ಅಂದುಕೊಂಡದ್ದೇ. ಹಳೆ ಗಾಡಿಗೆ 90 ತೆಳ್ಳಗಾಯಿತು. ಬೇರಿಂಗ್ ಸ್ವಲ್ಪ ಸವೆದಿರುತ್ತದೆ, ಹಲ್ಲು ಸ್ವಲ್ಪ ಸವೆದಿರುತ್ತದೆ, ಆ ಸಂದಿ ತುಂಬುವುದಕ್ಕೆ 140 ಬೇಕು. ದಪ್ಪ ಎಣ್ಣೆ ಸೀಲ್ ದಾಟಿ ಬರುವುದೂ ಕಷ್ಟ. 90 ತೆಗೆದು 140 ಹಾಕಿ, ಸೋರಿಕೆ ಮುಕ್ಕಾಲು ಭಾಗ ನಿಲ್ಲುತ್ತದೆ. ಶಬ್ದವೂ ಕಡಿಮೆಯಾಗುತ್ತದೆ. ಇನ್ನೊಂದು ಮಾತು, ಡಬ್ಬದ ಮೇಲೆ ಎಣ್ಣೆಯ ದರ್ಜೆ ಜಿಎಲ್-4 ಇದೆಯಾ ಜಿಎಲ್-5 ಇದೆಯಾ ನೋಡಿದ್ದೀರಾ? ಜಿಎಲ್-5 ಇದ್ದರೆ ಹಿತ್ತಾಳೆ ಭಾಗ ತಿಂದು ಹಾಕಿರುತ್ತದೆ.

ಗದ್ದೆಬದು

ಫೈನಲ್ ರಿಡಕ್ಷನ್‌ನಲ್ಲಿ ಹಿತ್ತಾಳೆ ಎಲ್ಲಿಂದ ಬಂತು ಸ್ವಾಮಿ? ಅಲ್ಲಿ ಇರುವುದು ಒಂದು ಪಿನಿಯನ್ (ತಿರುಗಿಸುವ ಸಣ್ಣ ಗೇರ್), ಒಂದು ಬುಲ್ ಗೇರ್ (ಆಕ್ಸಲ್ ಮೇಲಿನ ದೊಡ್ಡ ಗೇರ್), ನಾಲ್ಕು ಬೇರಿಂಗ್. ಎಲ್ಲಾ ಉಕ್ಕು. ಹಿತ್ತಾಳೆ ಸಿಂಕ್ರೋ ರಿಂಗ್ ಇರುವುದು ಕಾರಿನ ಗೇರ್‌ಬಾಕ್ಸ್‌ನಲ್ಲಿ.

ಗೇರೆಣ್ಣೆ

ಥ್ರಸ್ಟ್ ವಾಷರ್ ಹಿತ್ತಾಳೆಯದ್ದು ಇರುವ ಗಾಡಿಗಳಿವೆ. ಎಲ್ಲ ಗೊತ್ತಿದೆ ಅಂತ ಮಾತಾಡಬೇಡಿ.

ಗದ್ದೆಬದು

ಇವರ ಗಾಡಿಯಲ್ಲಿ ಇದೆಯಾ? ನೋಡಿದ್ದೀರಾ?

ಹಳೇಫಿಟ್ಟರ್ (ಹರಿಹರ)

ಇಬ್ಬರೂ ಸ್ವಲ್ಪ ಸುಮ್ಮನಿರಿ. ಸರ್, ಚಕ್ರ ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ಬಲಗಡೆ ಹಿಂದಿನ ಚಕ್ರಕ್ಕೆ ಸುಣ್ಣದಲ್ಲಿ ಒಂದು ಗುರುತು ಹಾಕಿ. ಲೋ ಗೇರಲ್ಲಿ ಮೆಲ್ಲಗೆ ಏರು ಹತ್ತಿಸಿ. ಒಬ್ಬರು ಪಕ್ಕದಲ್ಲಿ ನಡೆಯುತ್ತಾ ಎಣಿಸಲಿ: ಚಕ್ರ ಒಂದು ಸುತ್ತು ತಿರುಗುವಾಗ ಎಷ್ಟು ಸಲ ಕಟ್ ಅನ್ನುತ್ತದೆ? ಸುತ್ತಿಗೆ ಒಂದೇ ಸಲ ಆದರೆ ಬುಲ್ ಗೇರಿನಲ್ಲಿ ಒಂದು ಹಲ್ಲು ಹೋಗಿದೆ. ನಾಲ್ಕೈದು ಸಲ ಆದರೆ ಪಿನಿಯನ್. ಲೆಕ್ಕಕ್ಕೇ ಸಿಗದೆ ಕರಕರ ಅಂದರೆ ಬೇರಿಂಗ್.

ಜೊತೆಗೆ ಬ್ರೀದರ್ ನೋಡಿ. ಹೌಸಿಂಗ್ ಮೇಲೆ ಸಣ್ಣ ಟೋಪಿ ಥರದ್ದು ಇರುತ್ತದೆ. ಅದು ಕಟ್ಟಿಕೊಂಡರೆ ಒಳಗಿನ ಗಾಳಿ ಬಿಸಿಯಾಗಿ ಉಬ್ಬಿ ಎಣ್ಣೆಯನ್ನು ಸೀಲಿನಿಂದ ಹೊರಕ್ಕೆ ತಳ್ಳುತ್ತದೆ. ಸೀಲ್ ಎಷ್ಟೇ ಒಳ್ಳೆಯದಿದ್ದರೂ ತಡೆಯುವುದಿಲ್ಲ.

ಬೆಟ್ಟದಂಚು

ಎಣಿಸಿದೆವು. ಮಗ ಪಕ್ಕದಲ್ಲಿ ನಡೆದ. ಸುತ್ತಿಗೆ ಐದು ಸಲದ ಹತ್ತಿರ, ಸರಿಯಾಗಿ ಐದಲ್ಲ, ಸ್ವಲ್ಪ ಕಡಿಮೆ.

ಬ್ರೀದರ್ ನೋಡಿ ನಗು ಬಂತು. ಟೋಪಿ ತೆಗೆದರೆ ಒಳಗೆ ಕುಂಬಾರ ಹುಳ ಗೂಡು ಕಟ್ಟಿದೆ. ಕೆಂಪು ಮಣ್ಣು, ಒಳ್ಳೆ ಸಿಮೆಂಟ್ ಮೆತ್ತಿದ ಹಾಗೆ ಗಟ್ಟಿ. ಸೈಕಲ್ ಕಡ್ಡಿಯಲ್ಲಿ ಚುಚ್ಚಿ ಚುಚ್ಚಿ ತೆಗೆಯಬೇಕಾಯಿತು, ಜೊತೆಗೆ ಎರಡು ಒಣಗಿದ ಜೇಡವೂ ಬಂದವು.

ಗೇರೆಣ್ಣೆ

ಹಾಂ, ಒತ್ತಡ! ಸೋರಿಕೆಗೆ ಕಾರಣ ಸಿಕ್ಕಿತಲ್ಲ. ಇನ್ನು 140 ಹಾಕಿ ಓಡಿಸಿ. ಬಿಚ್ಚುವುದು ಬೇಡ. ಬಿಚ್ಚಿದರೆ ಹತ್ತು ಸಾವಿರ ಕೈಬಿಟ್ಟಿತು.

ಹಳೇಫಿಟ್ಟರ್

ಸುತ್ತಿಗೆ ಐದಕ್ಕೆ ಸ್ವಲ್ಪ ಕಡಿಮೆ ಅಂದರೆ ಪಿನಿಯನ್. 140 ಹಾಕಿದರೆ ಮುರಿದ ಹಲ್ಲು ಚಿಗುರುವುದಿಲ್ಲ ಗೇರೆಣ್ಣೆಯವರೇ. ಆ ಚೂರು ಒಳಗೇ ಇದೆ. ಅದು ಎರಡು ಹಲ್ಲಿನ ಮಧ್ಯೆ ಸಿಕ್ಕರೆ ಹೌಸಿಂಗೇ ಸೀಳುತ್ತದೆ. ಗಾಡಿ ನಿಲ್ಲಿಸಿ, ಡ್ರೈನ್ ಮಾಡಿ. ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಏನು ಉಳಿಯುತ್ತದೆ ನೋಡಿ. ಬೂದಿಯಂಥ ಪುಡಿ ಇದ್ದರೆ ಮಾಮೂಲಿ ಸವೆತ. ಚಕ್ಕೆ ಇದ್ದರೆ ಬೇರಿಂಗ್ ಸಿಪ್ಪೆ ಏಳುತ್ತಿದೆ. ಮೂಲೆ ಇರುವ ಚೂರು ಸಿಕ್ಕರೆ ಹಲ್ಲು. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಅಂತ.

ಬೆಟ್ಟದಂಚು

ಇಳಿಸಿದೆ. ಎಣ್ಣೆ ಕಾಫಿ ಬಣ್ಣಕ್ಕೆ ತಿರುಗಿದೆ. ಬಟ್ಟೆಯಲ್ಲಿ ಬೂದಿಯೂ ಇತ್ತು, ಚಕ್ಕೆಯೂ ಇತ್ತು, ಕಡಲೆಬೇಳೆ ಗಾತ್ರದ ಒಂದು ಚೂರೂ ಇತ್ತು. ಚೂರಿನ ಒಂದು ಮುಖ ಹೊಳೆಯುತ್ತದೆ, ಒಡೆದ ಮುಖ ಮರಳು ಮರಳಾಗಿ ಬೂದು ಬಣ್ಣಕ್ಕಿದೆ.

ಆದದ್ದಾಗಲಿ ಅಂತ ಹೌಸಿಂಗ್ ಪೂರ್ತಿ ಇಳಿಸಿದೆ. ಪಿನಿಯನ್ 11 ಹಲ್ಲು, ಬುಲ್ ಗೇರ್ 52. ಪಿನಿಯನ್‌ನಲ್ಲಿ ಒಂದು ಹಲ್ಲಿನ ಮೂಲೆ ಹೋಗಿದೆ. ಬೇರಿಂಗ್ ನಂಬರ್ ಓದಿದೆ: ಆಕ್ಸಲ್ ಹೊರಗಡೆ 6208, ಒಳಗಡೆ 6207, ಪಿನಿಯನ್‌ಗೆ 6305 ಎರಡು. ಪಿನಿಯನ್ ಒಂದೇ ಬದಲಿಸಿದರೆ ಸಾಕಲ್ವಾ? ಬುಲ್ ಗೇರ್ ನೋಡುವುದಕ್ಕೆ ಚೆನ್ನಾಗೇ ಇದೆ.

ಓಹಾಯೋ_ಗೌಡ

ನಮಸ್ಕಾರ ಬೆಟ್ಟದಂಚು ಅವರೇ, ಒಳ್ಳೆಯ ಚರ್ಚೆ. ನನ್ನ ಹತ್ತಿರ 1975ರ ವೀಲ್ ಹಾರ್ಸ್ ಸಿ-160 ಗಾರ್ಡನ್ ಟ್ರ್ಯಾಕ್ಟರ್ ಇದೆ. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ತಯಾರಾದದ್ದು. 1986ರಲ್ಲಿ ಆ ಕಂಪನಿಯನ್ನು ಟೋರೊ ಕೊಂಡುಕೊಂಡಿತು. 16 ಎಚ್‌ಪಿ ಕೋಹ್ಲರ್ ಸಿಂಗಲ್ ಸಿಲಿಂಡರ್, ಎಂಟು ಸ್ಪೀಡು, ಗೇರು ಆಕ್ಸಲು ಎಲ್ಲಾ ಒಂದೇ ಎರಕದ ಪೆಟ್ಟಿಗೆಯಲ್ಲಿ. ಎಣ್ಣೆ ಬರೀ ಎರಡು ಕ್ವಾರ್ಟ್, ಅಂದರೆ 1.9 ಲೀಟರ್. ಇವತ್ತಿಗೂ ಚಳಿಗಾಲದಲ್ಲಿ ಹಿಮ ತಳ್ಳುವುದು ಅದರಲ್ಲೇ. ಇತ್ತೀಚೆಗೆ ಹಿಂದುಗಡೆ ಹೈಡ್ರಾಲಿಕ್ ಲಿಫ್ಟ್ ಕೂಡಿಸಿ ಬಣ್ಣ ಹೊಡೆಸಿದೆ. ಫೋಟೋ ಹಾಕಿದ್ದೇನೆ ನೋಡಿ.

ಗದ್ದೆಬದು

ಬಣ್ಣ ಚೆನ್ನಾಗಿದೆ. ಇವರ ಪಿನಿಯನ್‌ಗೆ ಇದರಿಂದ ಏನು ಉಪಯೋಗ?

ಓಹಾಯೋ_ಗೌಡ

ಹಳೆ ಗಾಡಿ ಕಟ್ಟಿದರೆ ಎಷ್ಟು ಬಾಳಿಕೆ ಬರುತ್ತದೆ ಎಂದು ಹೇಳಿದೆ ಅಷ್ಟೆ. ಇಲ್ಲಿ ಇಂಥ ಗಾಡಿಗೆ ಬಿಡಿಭಾಗ ಹುಡುಕುವುದಕ್ಕೆ ಗುಜರಿಯಲ್ಲಿ ಇನ್ನೊಂದು ಗಾಡಿಯನ್ನೇ ಕೊಳ್ಳುತ್ತೇವೆ. ನನ್ನ ಗ್ಯಾರೇಜಿನಲ್ಲಿ ಅಂಥವು ಮೂರಿವೆ.

ಲೇತ್‌ರಾಜ (ಪೀಣ್ಯ)

ಪಿನಿಯನ್ ಕೊಡಿ, ಕಡಿದು ಕೊಡುತ್ತೇನೆ. ಇಎನ್ 353 ಉಕ್ಕು, ಹಾಬಿಂಗ್ (ಹಲ್ಲು ಕಡಿಯುವುದು), ಕೇಸ್ ಹಾರ್ಡನಿಂಗ್ (ಮೇಲ್ಪದರ ಗಟ್ಟಿ ಮಾಡುವುದು), ಗಟ್ಟಿತನ 58ರಿಂದ 60 ಎಚ್‌ಆರ್‌ಸಿ. ನಮ್ಮಲ್ಲಿ ಹಾಬಿಂಗ್ ಮಷಿನ್ ಎರಡಿವೆ, ಬೋರಿಂಗ್ ಇದೆ, ಸಿಲಿಂಡ್ರಿಕಲ್ ಗ್ರೈಂಡಿಂಗ್ ಇದೆ. ಹೋದ ವಾರ ಒಂದು ವಿಂಟೇಜ್ ಜೀಪಿನ ಗೇರ್ ಮಾಡಿಕೊಟ್ಟೆ, ಗ್ರಾಹಕರು ಕಣ್ಣೀರು ಹಾಕಿದರು. ಮಾಡ್ಯೂಲ್ ಎಷ್ಟು?

ಬೆಟ್ಟದಂಚು

ಮಾಡ್ಯೂಲ್ ಅಂದರೆ?

ಲೇತ್‌ರಾಜ

ಹಲ್ಲಿನ ಗಾತ್ರದ ಅಳತೆ. ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ, ಬಂದದ್ದರಿಂದ ಹೊರಗಿನ ವ್ಯಾಸವನ್ನು ಭಾಗಿಸಿ.

ಹಳೇಫಿಟ್ಟರ್

11 ಹಲ್ಲಿನ ಪಿನಿಯನ್‌ಗೆ ಆ ಸೂತ್ರ ಹಾಕಿದರೆ ಮೋಸ ಹೋಗುತ್ತೀರಿ ರಾಜಣ್ಣ. ಅಷ್ಟು ಕಡಿಮೆ ಹಲ್ಲಿದ್ದರೆ ಬುಡ ಸಣ್ಣಗಾಗಬಾರದು ಅಂತ ಹಲ್ಲನ್ನು ಹೊರಕ್ಕೆ ತಳ್ಳಿ ಕಡಿದಿರುತ್ತಾರೆ, ಕರೆಕ್ಷನ್ ಕೊಟ್ಟಿರುತ್ತಾರೆ. ಎರಡು ಶಾಫ್ಟಿನ ಮಧ್ಯದ ದೂರ ಅಳೆದು, ಅದರ ಎರಡರಷ್ಟನ್ನು 63ರಿಂದ ಭಾಗಿಸಿ. ಸರಿಸುಮಾರು ಅಲ್ಲಿಗೆ ಬರುತ್ತದೆ. ಆದರೂ ಸ್ಯಾಂಪಲ್ ಇಲ್ಲದೆ ಕಡಿಯಬೇಡಿ.

ಬೆಟ್ಟದಂಚು ಸರ್, ಪಿನಿಯನ್ ಒಂದೇ ಬದಲಿಸಬೇಡಿ. ಕಾರಣ ಹೇಳುತ್ತೇನೆ. 11ಕ್ಕೂ 52ಕ್ಕೂ ಒಂದನ್ನು ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನ ಇಲ್ಲ. ಹಾಗಾಗಿ ಪಿನಿಯನ್‌ನ ಪ್ರತಿ ಹಲ್ಲೂ ಬುಲ್ ಗೇರಿನ ಪ್ರತಿ ಹಲ್ಲಿಗೂ ಸರದಿಯಲ್ಲಿ ತಾಗುತ್ತದೆ. ಸವೆತ ಸಮನಾಗಿ ಹಂಚಲಿ ಅಂತಲೇ ಹಾಗೆ ಮಾಡಿರುತ್ತಾರೆ. ಆದರೆ ಒಂದು ಮುರಿದ ಹಲ್ಲಿದ್ದರೆ ಅದು ಬುಲ್ ಗೇರಿನ 52ನ್ನೂ ಗೀರಿರುತ್ತದೆ. ಚೆನ್ನಾಗಿ ತೊಳೆದು ಬಿಸಿಲಲ್ಲಿ ಓರೆ ಹಿಡಿದು ನೋಡಿ, ಉಗುರಿಗೆ ಸಿಗುತ್ತದೆ.

ಗೇರೆಣ್ಣೆ

ವೆಲ್ಡಿಂಗ್ ಮಾಡಿ ಹಲ್ಲು ಕಟ್ಟಿಸಬಹುದಲ್ಲ? ನಮ್ಮ ಊರಲ್ಲಿ ಒಬ್ಬರು ಮಾಡುತ್ತಾರೆ, ಗೊತ್ತೇ ಆಗುವುದಿಲ್ಲ.

ಹಳೇಫಿಟ್ಟರ್

ಮೊದಲ ವಾರ ಗೊತ್ತಾಗುವುದಿಲ್ಲ. ಹಲ್ಲಿನ ಗಟ್ಟಿತನ ಇರುವುದು ಮೇಲಿನ ಒಂದು ಮಿಲಿಮೀಟರ್ ಆಚೀಚೆ ಪದರದಲ್ಲಿ. ವೆಲ್ಡಿಂಗ್ ಬಿಸಿಗೆ ಅಕ್ಕಪಕ್ಕದ ಹಲ್ಲಿನದ್ದೂ ಹೋಗುತ್ತದೆ. ಕಬ್ಬಿನ ಗಾಣಕ್ಕೆ ನಡೆಯುತ್ತದೆ, ಏರಲ್ಲಿ ಟ್ರೇಲರ್ ಎಳೆಯುವ ಗಾಡಿಗೆ ಬೇಡ.

ಗದ್ದೆಬದು

ಒರಿಜಿನಲ್ ಜೋಡಿಯೇ ತಗೊಳ್ಳಿ. ಲೋಕಲ್ ಹಾಕಿದರೆ ಆರು ತಿಂಗಳು.

ಲೇತ್‌ರಾಜ

ಲೋಕಲ್ ಲೋಕಲ್ ಅಂತ ಹೀಗಳೆಯಬೇಡಿ. ನೀವು ಒರಿಜಿನಲ್ ಅಂತ ಡಬ್ಬಿ ನೋಡಿ ತಗೊಳ್ಳುವ ಎಷ್ಟೋ ಮಾಲು ರಾಜಕೋಟ್, ಲೂಧಿಯಾನಾ, ಪೀಣ್ಯದ ಸಣ್ಣ ವರ್ಕ್‌ಶಾಪಲ್ಲೇ ಆಗಿರುತ್ತದೆ. ಡಬ್ಬಿ ಮಾತ್ರ ಕಂಪನಿಯದು.

ಗದ್ದೆಬದು

ಡಬ್ಬಿ ಜೊತೆ ಟೆಸ್ಟಿಂಗೂ ಕಂಪನಿಯದು. ಅದಕ್ಕೇ ದುಡ್ಡು.

ಲೇತ್‌ರಾಜ

ನಿಮ್ಮ ಜೇಬು, ನಿಮ್ಮಿಷ್ಟ.

(ಮುಂದೆ ಇಬ್ಬರ ನಡುವೆ ನಡೆದ ಹನ್ನೊಂದು ಪ್ರತಿಕ್ರಿಯೆಗಳನ್ನು "ಒರಿಜಿನಲ್ಲಾ ಲೋಕಲ್ಲಾ" ಎಂಬ ಬೇರೆ ಚರ್ಚೆಗೆ ಸರಿಸಲಾಗಿದೆ. – ಮೇಲ್ವಿಚಾರಕ)

ಹಳೇಫಿಟ್ಟರ್

ಸರ್, ಎರಡು ಪ್ರಶ್ನೆ. ಒಂದು, ಬುಲ್ ಗೇರಿನ ಹಲ್ಲಿನ ಮೇಲೆ ಹೊಳಪು ಎಲ್ಲಿದೆ? ಹಲ್ಲಿನ ಪೂರ್ತಿ ಅಗಲಕ್ಕಾ, ಒಂದು ತುದಿಗಾ? ಎರಡು, 6208 ಹೌಸಿಂಗಿನಿಂದ ಹೇಗೆ ಬಂತು? ಪುಲ್ಲರ್ ಹಾಕಿದಿರಾ, ಕೈಯಲ್ಲೇ ಬಂತಾ?

ಬೆಟ್ಟದಂಚು

ಹೊಳಪು ಚಕ್ರದ ಕಡೆಯ ತುದಿಗೆ ಮಾತ್ರ, ಹಲ್ಲಿನ ಮೂರನೇ ಒಂದು ಭಾಗ. ಉಳಿದದ್ದು ಮಂಕಾಗಿದೆ, ಕೆಲವು ಕಡೆ ಕಂಪನಿಯ ಕಟಿಂಗ್ ಗೆರೆ ಇನ್ನೂ ಕಾಣುತ್ತದೆ. ಪಿನಿಯನ್ ಮೂಲೆ ಒಡೆದದ್ದೂ ಅದೇ ಕಡೆ.

ಬೇರಿಂಗ್ ಆಕ್ಸಲ್ ಜೊತೆ ಹಾಗೇ ಬಂತು. ಪುಲ್ಲರ್ ಬೇಕಾಗಲಿಲ್ಲ. ಒಳ್ಳೆಯದಾಯಿತು ಅಂದುಕೊಂಡೆ.

ಫೋಟೋ ಹಾಕಿದ್ದೇನೆ, ಎರಡು ಹೌಸಿಂಗಿನದ್ದು, ಒಂದು ಗಾಡಿ ನಿಂತದ್ದು.

ಹಳೇಫಿಟ್ಟರ್

ಒಳ್ಳೆಯದಲ್ಲ ಸರ್. ಆ ಬೇರಿಂಗ್ ಹೊರಗಿನ ರಿಂಗು ಹೌಸಿಂಗಿನೊಳಗೆ ಸುತ್ತಿದೆ. ಫೋಟೋದಲ್ಲಿ ಬೋರು, ಅಂದರೆ ಬೇರಿಂಗ್ ಕೂರುವ ತೂತು, ಕನ್ನಡಿ ಥರ ಹೊಳೆಯುತ್ತಿದೆ ನೋಡಿ. ಹತ್ತಿರದ ಲೇತ್‌ಗೆ ಒಯ್ದು ಬೋರ್ ಅಳೆಯಿಸಿ. 6208 ಹೊರ ವ್ಯಾಸ 80 ಮಿಲಿಮೀಟರ್. ಬೋರು ಎಚ್‌7 ಅಂದರೆ 80.00ರಿಂದ 80.03ರ ಒಳಗಿರಬೇಕು. ಮೇಲೆ, ಕೆಳಗೆ, ಎಡ, ಬಲ ನಾಲ್ಕು ಕಡೆ ಅಳೆಯಿಸಿ.

ಶಾಫ್ಟ್ ಅಲುಗಾಡುತ್ತಿದ್ದರೆ ಯಾವ ಸೀಲ್ ನಿಲ್ಲುತ್ತದೆ? ಸೀಲಿನ ತುಟಿ ಒಂದು ಕಡೆ ಒತ್ತಿಕೊಳ್ಳುತ್ತದೆ, ಇನ್ನೊಂದು ಕಡೆ ಬಾಯಿ ಬಿಡುತ್ತದೆ. ನಿಮ್ಮ ಮೆಕ್ಯಾನಿಕ್ ಸೀಲನ್ನು ಬಯ್ಯುತ್ತಾ ಕೂತ, ಬೇರಿಂಗ್ ಅಲುಗಾಡಿಸಿ ನೋಡಲಿಲ್ಲ.

ಗದ್ದೆಬದು

ಒಂದು ನಿಮಿಷ. ಗಾಡಿ ನಿಂತ ಫೋಟೋ ದೊಡ್ಡದು ಮಾಡಿ ನೋಡಿ ಎಲ್ಲರೂ. ಹಬ್ಬಿಗೂ ರಿಮ್ಮಿಗೂ ಮಧ್ಯೆ ಅದೇನು ದಪ್ಪ ಬಿಲ್ಲೆ? ಸ್ಪೇಸರ್ರಾ?

ಬೆಟ್ಟದಂಚು

ಹೌದು, ಚಕ್ರ ಹೊರಕ್ಕೆ ಅಗಲವಾಗಿ ಕೂರಲಿ ಅಂತ ಹಾಕುವ ಸ್ಪೇಸರ್. 75 ಮಿಲಿಮೀಟರ್, ಎರಡೂ ಕಡೆ. ಅದು ಗಾಡಿ ತಗೊಂಡಾಗಲೇ ಇತ್ತು. ನಮ್ಮ ಕಡೆ ಎಲ್ಲರೂ ಹಾಕುತ್ತಾರೆ, ಅದನ್ನೇನು ಹೇಳುವುದು ಅಂತ ಬರೆಯಲಿಲ್ಲ. ಅದಕ್ಕೂ ಗೇರಿಗೂ ಏನು ಸಂಬಂಧ?

ಹಳೇಫಿಟ್ಟರ್

ಎಲ್ಲಾ ಸಂಬಂಧ ಅಲ್ಲೇ ಇದೆ. ಲೆಕ್ಕ ಹಾಕೋಣ, ಅಳತೆ ಅಂದಾಜು. ಎರಡು ಬೇರಿಂಗ್ ಮಧ್ಯೆ 120 ಮಿಲಿಮೀಟರ್, ಹೊರ ಬೇರಿಂಗ್‌ನಿಂದ ಚಕ್ರದ ನಡುಗೆರೆಗೆ ಮೊದಲು 60 ಇತ್ತು ಅಂತ ಇಟ್ಟುಕೊಳ್ಳಿ. ಒಂದು ಚಕ್ರದ ಮೇಲೆ 300 ಕೆ.ಜಿ. ಭಾರ. ಆಗ ಹೊರ ಬೇರಿಂಗ್ ಹೊರುವುದು 450, ಒಳಗಿನದು 150. ಸ್ಪೇಸರ್ ಹಾಕಿದ ಮೇಲೆ 60 ಹೋಗಿ 135 ಆಯಿತು. ಈಗ ಹೊರಗಿನದು 637, ಒಳಗಿನದು 337. ಗಾಡಿಯ ಭಾರ ಒಂದು ಕೆ.ಜಿ.ಯೂ ಹೆಚ್ಚಾಗಿಲ್ಲ, ಒಳ ಬೇರಿಂಗಿನ ಭಾರ ಎರಡು ಪಟ್ಟು ದಾಟಿತು. ಇದರ ಮೇಲೆ ಗುಂಡಿ, ಬೇರು, ಕಲ್ಲು ಹಾರಿದಾಗಿನ ಹೊಡೆತ ಬೇರೆ.

ಅದರಿಂದ ಹೊರಗಿನ ಬೋರು ಮೊಟ್ಟೆಯಾಕಾರಕ್ಕೆ ಸವೆಯಿತು. ಆಕ್ಸಲ್ ಓರೆಯಾಯಿತು. ಬುಲ್ ಗೇರೂ ಓರೆಯಾಗಿ, ಹಲ್ಲಿನ ತುದಿ ಮಾತ್ರ ತಾಗತೊಡಗಿತು. ಪೂರ್ತಿ ಹಲ್ಲು ಹೊರಬೇಕಾದ ಭಾರ ತುದಿಗೆ ಬಿದ್ದು ಪಿನಿಯನ್ ಮೂಲೆ ಒಡೆಯಿತು. ಕುಂಬಾರ ಹುಳ, ಎಣ್ಣೆ, ಡುಪ್ಲಿಕೇಟ್ ಸೀಲು ಎಲ್ಲಾ ಆಮೇಲಿನವು.

ಗೇರೆಣ್ಣೆ

ಎಣ್ಣೆ ದಪ್ಪ ಇದ್ದಿದ್ದರೆ ತುದಿ ತಾಗಿದರೂ ಪದರ ಉಳಿಯುತ್ತಿತ್ತು.

ಗದ್ದೆಬದು

ಬಿಡಿ ಸ್ವಾಮಿ, ನಿಮ್ಮದೊಂದು 140.

ಬೆಟ್ಟದಂಚು

ಫಿಟ್ಟರ್ ಸರ್, ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ಆದರೆ ನಮ್ಮ ತೋಟಕ್ಕೆ ಬಂದು ನೋಡಿ. ಬೆಟ್ಟದಿಂದ ತೋಟಕ್ಕೆ ಇಳಿಯುವ ದಾರಿ ಒಂದು ಕಡೆಗೆ ವಾಲಿದೆ. ಸ್ಪೇಸರ್ ತೆಗೆದರೆ ಗಾಡಿ ಒಂದೇ ಕಾಲಲ್ಲಿ ನಿಲ್ಲುತ್ತದೆ. ಪಕ್ಕದ ಊರಲ್ಲಿ ಸ್ಪೇಸರ್ ಇಲ್ಲದ ಮಿನಿಯೊಂದು ಮಗುಚಿ ಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ. ಬೇರಿಂಗ್ ಹೋದರೆ ತರಬಹುದು. ಎಡಗಡೆಯೂ ಅದೇ ಸ್ಪೇಸರ್ ಇದೆ, ಅದು ಯಾಕೆ ಸೋರುತ್ತಿಲ್ಲ ಹೇಳಿ.

ಹಳೇಫಿಟ್ಟರ್

ವಾಲಿದ ದಾರಿಯಲ್ಲಿ ತುಂಬಿದ ಟ್ರೇಲರ್ ಜೊತೆ ಇಳಿಯುವಾಗ ಯಾವ ಕಡೆಗೆ ವಾಲುತ್ತದೆ?

ಬೆಟ್ಟದಂಚು

ಬಲಕ್ಕೆ.

ಗದ್ದೆಬದು

ಹೇಳಿದರಲ್ಲ ಉತ್ತರ.

ಓಹಾಯೋ_ಗೌಡ

ಟೈರಿಗೆ ನೀರು ತುಂಬಿಸಬಹುದಲ್ಲ? ಇಲ್ಲಿ ಎಲ್ಲರೂ ಮಾಡುತ್ತಾರೆ. ಟ್ಯೂಬಿಗೆ ಮುಕ್ಕಾಲು ಭಾಗ ನೀರು. ಚಳಿ ದೇಶ ಅಂತ ನಾವು ಹೆಪ್ಪುಗಟ್ಟದ ದ್ರವ ಸೇರಿಸುತ್ತೇವೆ, ನಿಮಗೆ ಬರೀ ನೀರು ಸಾಕು. ಭಾರ ಕೆಳಗೆ ಕೂರುತ್ತದೆ, ಗಾಡಿ ಮಗುಚುವ ಭಯ ಕಡಿಮೆಯಾಗುತ್ತದೆ. ಮುಖ್ಯ ವಿಷಯ, ಆ ಭಾರವನ್ನು ಟೈರೇ ನೇರ ನೆಲಕ್ಕೆ ಕೊಡುತ್ತದೆ, ಬೇರಿಂಗ್ ಮೇಲೆ ಬರುವುದಿಲ್ಲ.

ಗದ್ದೆಬದು

ಗೌಡ್ರೆ, ಇವತ್ತು ನಿಮ್ಮ ಮಾತು ಉಪಯೋಗಕ್ಕೆ ಬಂತು.

ಗೇರೆಣ್ಣೆ

ನೀರು ತುಂಬಿದರೆ ಹಿಡಿತ ಜಾಸ್ತಿ ಆಗುತ್ತದೆ. ಚಕ್ರ ಸ್ಲಿಪ್ ಆಗಿ ತಪ್ಪಿಸಿಕೊಳ್ಳುತ್ತಿದ್ದ ಕಡೆ ಈಗ ಪೂರ್ತಿ ಬಲ ಹಲ್ಲಿನ ಮೇಲೆ ಬೀಳುತ್ತದೆ. ಅದನ್ನು ಯಾರೂ ಹೇಳುವುದಿಲ್ಲ.

ಹಳೇಫಿಟ್ಟರ್

ಇದು ಮಾತ್ರ ಗೇರೆಣ್ಣೆಯವರು ಸರಿಯಾಗಿ ಹೇಳಿದ್ದಾರೆ. ನೀರು ತುಂಬಿದರೆ ಟ್ರೇಲರ್ ಲೋಡು ಕಡಿಮೆ ಮಾಡಬೇಕು. ಆದರೂ ಸ್ಪೇಸರಿಗಿಂತ ವಾಸಿ.

ಬೆಟ್ಟದಂಚು

ಬೋರ್ ಅಳೆಯಿಸಿದೆ. ಮೇಲೆ ಕೆಳಗೆ 80.14, ಅಡ್ಡ 80.06. ಲೇತಿನವರು "ಒಳಗೆ ಸುತ್ತಲೂ ಪಂಚ್ ಹೊಡೆದು ಬಿಗಿ ಮಾಡಿ ಕೊಡುತ್ತೇನೆ, ಇನ್ನೂರು ರೂಪಾಯಿ" ಎಂದರು. ಮಾಡಿಸಲಾ? ಇಲ್ಲ ಗಮ್ ಹಾಕಲಾ? ಲಾಕ್‌ಟೈಟ್ ಅಂತ ಯಾರೋ ಹೇಳಿದರು.

ಹಳೇಫಿಟ್ಟರ್

ಪಂಚ್ ಬೇಡವೇ ಬೇಡ. ಆ ಚುಕ್ಕಿಗಳ ಮೇಲೆ ಬೇರಿಂಗ್ ಕೂತರೆ ನಾಲ್ಕು ದಿನದಲ್ಲಿ ಚುಕ್ಕಿ ಚಪ್ಪಟೆಯಾಗುತ್ತದೆ. ಲಾಕ್‌ಟೈಟ್ 638 ನಂಬರ್ ಗಮ್ ಕಾಲು ಮಿಲಿಮೀಟರ್ ಸಂದಿಯವರೆಗೂ ಹಿಡಿಯುತ್ತದೆ, ಸುಳ್ಳಲ್ಲ. ಆದರೆ ನಿಮ್ಮ ಬೋರು ಗುಂಡಗೇ ಇಲ್ಲ. ಗಮ್ ಬೇರಿಂಗನ್ನು ಓರೆಯಾದ ಜಾಗದಲ್ಲೇ ಗಟ್ಟಿ ಹಿಡಿಯುತ್ತದೆ ಅಷ್ಟೆ. ಹಲ್ಲು ಮತ್ತೆ ತುದಿಗೇ ತಾಗುತ್ತದೆ.

ಸ್ಲೀವ್ ಹಾಕಿಸಿ, ಅಂದರೆ ಬೋರಿನೊಳಗೆ ಒಂದು ಬಳೆ. ಹೌಸಿಂಗನ್ನು 88ಕ್ಕೆ ಬೋರ್ ಮಾಡಿಸಿ, ಎರಕದ ಕಬ್ಬಿಣದ ಸ್ಲೀವ್ ಒತ್ತಿಸಿ, ಬಿಗಿ 0.05 ಮಿಲಿಮೀಟರ್ ಇರಲಿ, ಅಂದರೆ ಸ್ಲೀವ್ ಬೋರಿಗಿಂತ ಅಷ್ಟು ದೊಡ್ಡದಿರಲಿ. ಸ್ಲೀವಿನ ಒಳ ಅಳತೆಯನ್ನು ಮೊದಲೇ 80 ಮಾಡಿ ತರಬಾರದು. 79 ಇಟ್ಟು, ಒತ್ತಿದ ಮೇಲೆ ಅಲ್ಲೇ 80ಕ್ಕೆ ಬೋರ್ ಮಾಡಬೇಕು. ಒತ್ತಿದಾಗ ಸ್ಲೀವ್ ಕುಗ್ಗುತ್ತದೆ, ಸ್ವಲ್ಪ ಓರೆಯೂ ಆಗುತ್ತದೆ. ಮುಖ್ಯವಾಗಿ 6207 ಕೂರುವ ಒಳಬೋರಿಗೆ ಡಯಲ್ ಗೇಜ್ ಹಿಡಿದು ಸೆಟ್ಟಿಂಗ್ ಮಾಡಿಕೊಂಡು ಹೊರಬೋರು ಹೊಡೆಯಲಿ. ಎರಡೂ ಒಂದೇ ಗೆರೆಯಲ್ಲಿ ಬರದಿದ್ದರೆ ಹೊಸ ಗೇರಿಗೆ ಕೊಟ್ಟ ದುಡ್ಡು ನೀರಿಗೆ ಹೋಯಿತು.

ಆಕ್ಸಲ್ ಮೇಲೆ ಸೀಲ್ ಕೂರುವ ಜಾಗ ಉಗುರಲ್ಲಿ ಕೆರೆದು ನೋಡಿ. ಗೆರೆ ಸಿಕ್ಕರೆ ಹೊಸ ಸೀಲನ್ನು ಎರಡು ಮಿಲಿಮೀಟರ್ ಮುಂದೆ ಕೂರಿಸಿ, ತುಟಿ ಹೊಸ ಜಾಗಕ್ಕೆ ಬೀಳಲಿ. ಸ್ಪ್ರಿಂಗ್ ಕಾಣುವ ಮುಖ ಎಣ್ಣೆ ಕಡೆಗೆ. ಕೆಸರಲ್ಲಿ ಓಡುವ ಗಾಡಿಗೆ ಎರಡು ತುಟಿಯ ಸೀಲೇ ಬೇಕು, ತುಟಿ ಮಧ್ಯೆ ಗ್ರೀಸ್ ತುಂಬಿ. ಬೇರಿಂಗನ್ನು ಸುತ್ತಿಗೆಯಲ್ಲಿ ಹೊಡೆದು ಹತ್ತಿಸಬೇಡಿ. ಹಳೆ ಎಣ್ಣೆ ಡಬ್ಬದಲ್ಲಿ ಕಾಯಿಸಿ, ನೂರು ಡಿಗ್ರಿ ಸಾಕು, ತಾನೇ ಜಾರಿ ಕೂರುತ್ತದೆ. ಗ್ಯಾಸ್ ಬೆಂಕಿ ನೇರ ಹಿಡಿದರೆ ಬೇರಿಂಗ್ ಹಾಳು.

ಕೂಡಿಸಿದ ಮೇಲೆ ಪಿನಿಯನ್ ಹಲ್ಲಿಗೆ ಮಾರ್ಕಿಂಗ್ ಬ್ಲೂ ಹಚ್ಚಿ ತಿರುಗಿಸಿ. ಸಿಗದಿದ್ದರೆ ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿ, ನಾವು ಕಲಿತದ್ದೇ ಅದರಲ್ಲಿ. ಗುರುತು ಹಲ್ಲಿನ ನಡುವೆ ಬರಬೇಕು. ಸೋಲ್ಡರ್ ತಂತಿಯನ್ನು ಹಲ್ಲಿನ ಮಧ್ಯೆ ಹಾಯಿಸಿ, ಚಪ್ಪಟೆಯಾದದ್ದನ್ನು ಮೈಕ್ರೋಮೀಟರಲ್ಲಿ ಅಳೆಯಿರಿ. ಹಲ್ಲಿನ ಎರಡೂ ಮುಖದ ಕಡೆ ಸೇರಿ 0.15ರಿಂದ 0.25ರ ಒಳಗಿದ್ದರೆ ಸರಿ.

ಲೇತ್‌ರಾಜ

ಸ್ಲೀವ್ ಕೆಲಸ ನಮ್ಮಲ್ಲೇ ಮಾಡಿಕೊಡುತ್ತೇನೆ. ಬೋರಿಂಗ್ ಮಷಿನ್ ಫೋಟೋ ಹಾಕಿದ್ದೇನೆ ನೋಡಿ. ಇಟಾಲಿಯನ್.

ಬೆಟ್ಟದಂಚು

ಸಾಗರದಿಂದ ಪೀಣ್ಯಕ್ಕೆ ಹೌಸಿಂಗ್ ಹೊತ್ತು ಬರುವುದಕ್ಕಾಗುವುದಿಲ್ಲ. ಶಿವಮೊಗ್ಗದಲ್ಲಿ ಒಬ್ಬರು ಒಪ್ಪಿಕೊಂಡರು. ಫಿಟ್ಟರ್ ಸರ್ ಬರೆದದ್ದನ್ನೇ ಪ್ರಿಂಟ್ ತೆಗೆದು ಕೊಟ್ಟೆ. ಮುಖ ಸಿಂಡರಿಸಿದರು, ಆದರೆ ಹಾಗೇ ಮಾಡಿದರು.

ಬೆಟ್ಟದಂಚು

ಗಾಡಿ ಕೂಡಿಸಿದೆ. ಗೇರ್ ಜೋಡಿ ಹೊಸದು, ನಾಲ್ಕೂ ಬೇರಿಂಗ್ ಹೊಸವು, ಸ್ಲೀವ್, ಎರಡು ತುಟಿಯ ಸೀಲ್. ಸಿಂಧೂರದ ಗುರುತು ನಡುವಿಗೆ ಬಂತು, ಸ್ವಲ್ಪ ಮಾತ್ರ ಹೊರಗಡೆಗೆ. ತಂತಿ 0.2. ಎಣ್ಣೆ 90 ಹಾಕಿದೆ, ಗೇರೆಣ್ಣೆಯವರು ಬೇಜಾರು ಮಾಡಿಕೊಳ್ಳಬೇಡಿ, ಮ್ಯಾನುಯಲ್‌ನಲ್ಲಿ ಹಾಗೇ ಇದೆ. ಬ್ರೀದರ್ ಟೋಪಿಗೆ ಸಣ್ಣ ಜಾಲರಿ ಕಟ್ಟಿದ್ದೇನೆ. ದರಕು ಹೊರುವುದು ಮುಗಿಯಿತು. ಶಬ್ದ ಇಲ್ಲ, ರಿಮ್ಮು ಒಣಗಿದೆ.

ಸ್ಪೇಸರ್ ಮಾತ್ರ ತೆಗೆದಿಲ್ಲ. ನಾನು ತೆಗೆಯುವುದೂ ಇಲ್ಲ. ಟೈರಿಗೆ ನೀರು ತುಂಬಿಸಿ ನೋಡುತ್ತೇನೆ, ಆದರೆ ಆ ಇಳಿಜಾರಲ್ಲಿ ಕೂರುವವನು ನಾನು.

ಗದ್ದೆಬದು

75ರ ಬದಲು 35ರದ್ದಾದರೂ ಮಾಡಿಸಿ ಮಾರಾಯ್ರೆ.

ಗೇರೆಣ್ಣೆ

90 ಹಾಕಿದ್ದಾರಲ್ಲ, ಮುಂದಿನ ಮಳೆಗಾಲಕ್ಕೆ ಮಾತಾಡೋಣ.

ಹಳೇಫಿಟ್ಟರ್

ಒಳ್ಳೆ ಕೆಲಸ ಮಾಡಿಸಿದ್ದೀರಿ ಸರ್. ಸ್ವಲ್ಪ ದಿನ ಓಡಿಸಿ ಮೊದಲ ಎಣ್ಣೆ ಬದಲಿಸಿಬಿಡಿ, ಹೊಸ ಹಲ್ಲು ಕೂರುವಾಗ ಪುಡಿ ಬಿಡುತ್ತದೆ. ಎಡಗಡೆ ಹೌಸಿಂಗ್ ಬಿಚ್ಚಿ ಅಳೆದಿರಾ? ಜಾಕ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರೂ ಸಾಕು, ಆಟ ಇದ್ದರೆ ಗೊತ್ತಾಗುತ್ತದೆ.

ಕೆಸರುಗದ್ದೆ (ಸಿದ್ದಾಪುರ)

ಎಲ್ಲರಿಗೂ ನಮಸ್ಕಾರ. ನನ್ನ ಟಿಲ್ಲರಿನ ಎಡಗಡೆ ಸ್ಟೀರಿಂಗ್ ಕ್ಲಚ್ ಲಿವರ್ ಒತ್ತಿದರೂ ಬಿಡುತ್ತಿಲ್ಲ, ಗಾಡಿ ನೇರ ಹೋಗುತ್ತದೆ. ಏನು ಮಾಡಬೇಕು? ಅರ್ಜೆಂಟ್.

ಗದ್ದೆಬದು

ಯಾವ ಗಾಡಿ?

ಗೇರೆಣ್ಣೆ

ಎಣ್ಣೆ ಯಾವುದು ಹಾಕಿದ್ದೀರಿ?

ಮೇಲ್ವಿಚಾರಕ

ಟಿಲ್ಲರ್ ಪ್ರಶ್ನೆಗೆ ದಯವಿಟ್ಟು ಹೊಸ ಚರ್ಚೆ ತೆರೆಯಿರಿ. ಬೆಟ್ಟದಂಚು ಅವರೇ, ಎಡಗಡೆ ಅಳತೆ ಸಿಕ್ಕರೆ ಇಲ್ಲೇ ಹಾಕಿ, ಅಲ್ಲಿಯವರೆಗೆ ಇದನ್ನು ಮುಚ್ಚುವುದಿಲ್ಲ.

ಲೇತ್‌ರಾಜ

35 ಮಿಲಿಮೀಟರ್ ಸ್ಪೇಸರ್ ಬೇಕಿದ್ದವರು ಹೇಳಿ, ನಾಲ್ಕು ಜೊತೆ ರೆಡಿ ಇದೆ.